ಸ್ವಂತ ಉಸ್ತುವಾರಿಯಲ್ಲಿ ಅಡುಗೆಮನೆಯ ವಿಸ್ತರಣೆ: ವರ್ತಕರು ಗಮನಿಸಬೇಕಾದ ಲೆಕ್ಕಪತ್ರ

ಹುಬ್ಬಳ್ಳಿ, ದಾವಣಗೆರೆ, ಗದಗ ಮೊದಲಾದ ವ್ಯಾಪಾರಿ ಪಟ್ಟಣಗಳ ಹಳೆಯ ಬಡಾವಣೆಗಳಲ್ಲಿ ಮೂರು ನಾಲ್ಕು ದಶಕಗಳ ಹಿಂದೆ ಕಟ್ಟಿಸಿದ ಮನೆಗಳ ಅಡುಗೆಮನೆಗಳು ಸಾಮಾನ್ಯವಾಗಿ ಚಿಕ್ಕವು. ಎಂಟಡಿಗೆ ಎಂಟಡಿ ಕೋಣೆ, ಒಂದು ಗೋಡೆಗೆ ಕಡಪಾ ಕಲ್ಲಿನ ಕಟ್ಟೆ, ಮೇಲೊಂದು ಸಜ್ಜೆ, ಪಕ್ಕದಲ್ಲಿ ವರ್ಷದ ಕಾಳುಕಡಿ ತುಂಬಿಡುವ ಉಗ್ರಾಣ. ವರ್ಷಕ್ಕಾಗುವಷ್ಟು ಧಾನ್ಯ ಸಂಗ್ರಹಿಸುವ ಪದ್ಧತಿ ಕಡಿಮೆಯಾಗಿ ಉಗ್ರಾಣ ಬರಿದಾಗಿದೆ. ಫ್ರಿಜ್ಜು, ನೀರು ಶುದ್ಧೀಕರಣ ಯಂತ್ರ, ಮೈಕ್ರೋವೇವ್ ಒಲೆ, ಗ್ರೈಂಡರ್ ಎಲ್ಲವೂ ಸೇರಿಕೊಂಡು ಅಡುಗೆಮನೆಯಲ್ಲಿ ಇಬ್ಬರು ನಿಲ್ಲಲು ಸ್ಥಳವಿಲ್ಲದಂತಾಗಿದೆ. ಆದ್ದರಿಂದ ನಡುಗೋಡೆಯನ್ನು ತೆಗೆದು ಉಗ್ರಾಣವನ್ನು ಅಡುಗೆಮನೆಗೆ ಸೇರಿಸಿಕೊಳ್ಳುವ ಕೆಲಸವನ್ನು ಅನೇಕ ವರ್ತಕ ಕುಟುಂಬಗಳು ಕೈಗೊಳ್ಳುತ್ತಿವೆ. ಗುತ್ತಿಗೆದಾರರಿಗೆ ಒಟ್ಟಾಗಿ ಒಪ್ಪಿಸುವುದಕ್ಕಿಂತ ತಾವೇ ಸಾಮಾನು ತಂದು, ಮೇಸ್ತ್ರಿಗೆ ಕೂಲಿ ಕೊಟ್ಟು, ಮನೆಯವರ ಉಸ್ತುವಾರಿಯಲ್ಲೇ ಮಾಡಿಸುವವರ ಸಂಖ್ಯೆ ದೊಡ್ಡದು.

ಅಂಗಡಿಯಲ್ಲಿ ಹತ್ತು ರೂಪಾಯಿಯ ಖರ್ಚಿಗೂ ಚೀಟಿ ಕೇಳುವ ವರ್ತಕರು ಮನೆಯ ಈ ಕೆಲಸಕ್ಕೆ ಐದಾರು ಲಕ್ಷ ರೂಪಾಯಿ ವ್ಯಯಿಸಿ ಒಂದು ಬಿಲ್ಲನ್ನೂ ಉಳಿಸಿಕೊಳ್ಳದಿರುವುದು ಸೋಜಿಗದ ಸಂಗತಿ. ಇದಕ್ಕಿಂತ ಹೆಚ್ಚು ತೊಂದರೆಯದು ಇನ್ನೊಂದು ರೂಢಿ: ಖರ್ಚನ್ನು ಅಂಗಡಿಯ ಲೆಕ್ಕದಲ್ಲೇ ಸೇರಿಸಿಬಿಡುವುದು. ಮೊದಲನೆಯದರಿಂದ ನ್ಯಾಯವಾಗಿ ದೊರೆಯಬೇಕಾದ ತೆರಿಗೆ ಸೌಲಭ್ಯ ಕೈತಪ್ಪುತ್ತದೆ. ಎರಡನೆಯದರಿಂದ ಬಡ್ಡಿ, ದಂಡ ಮತ್ತು ನೋಟೀಸು ಬರುತ್ತವೆ.

ಕೆಲಸದ ಸ್ವರೂಪ ಮತ್ತು ಅಂದಾಜು

ಲೆಕ್ಕಪತ್ರದ ವಿಚಾರಕ್ಕೆ ಮೊದಲು ಕೆಲಸದ ಬಗ್ಗೆ ಕೆಲವು ಮಾತು ಅಗತ್ಯ. ಅಂದಾಜು ತಪ್ಪಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಊಟದ ಸ್ಥಳ ಬೇರೆಯಿರುವ ಮನೆಯಲ್ಲಿ ಅಡುಗೆಮನೆ ಕನಿಷ್ಠ 5 ಚದರ ಮೀಟರ್ ವಿಸ್ತೀರ್ಣ ಮತ್ತು 1.8 ಮೀಟರ್ ಅಗಲ ಇರಬೇಕು. ಅಲ್ಲಿಯೇ ಊಟವನ್ನೂ ಮಾಡುವುದಾದರೆ 7.5 ಚದರ ಮೀಟರ್ ವಿಸ್ತೀರ್ಣ, 2.1 ಮೀಟರ್ ಅಗಲ ಬೇಕು. ಎಂಟಡಿಗೆ ಎಂಟಡಿಯ ಕೋಣೆ ಸುಮಾರು 5.95 ಚದರ ಮೀಟರ್ ಆಗುವುದರಿಂದ ಮೊದಲನೆಯ ಮಿತಿಗೆ ಸರಿಹೋಗುತ್ತದೆ, ಎರಡನೆಯದಕ್ಕೆ ಇಲ್ಲ. ಉಗ್ರಾಣ ಮತ್ತು ತೆಗೆದ ಗೋಡೆಯ ಜಾಗ ಸೇರಿ 13 ಅಡಿ ಉದ್ದ, 8 ಅಡಿ ಅಗಲ ದೊರೆತರೆ 104 ಚದರ ಅಡಿ, ಅಂದರೆ 9.66 ಚದರ ಮೀಟರ್ ಆಯಿತು. ನಾಲ್ವರು ಕುಳಿತು ಉಣ್ಣುವ ಮೇಜನ್ನೂ ಹಾಕಬಹುದು.

ತೆಗೆಯಬೇಕೆಂದಿರುವ ಗೋಡೆ ಯಾವ ಬಗೆಯದು ಎಂಬುದನ್ನು ಎಲ್ಲಕ್ಕಿಂತ ಮೊದಲು ತಿಳಿಯಬೇಕು. ಹಳೆಯ ಮನೆಗಳಲ್ಲಿ ತಾರಸಿಯ ಭಾರವನ್ನು ಕಂಬಗಳಲ್ಲ, ಗೋಡೆಗಳೇ ಹೊರುತ್ತವೆ. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಕೇವಲ ಮರೆಗಾಗಿ ಕಟ್ಟಿದ್ದಾಗಿರಬಹುದು; ಒಂಬತ್ತು ಇಂಚಿನ ಗೋಡೆ ಅಥವಾ ಕಲ್ಲುಗೋಡೆಯಾದರೆ ಅದು ಭಾರ ಹೊತ್ತಿದೆಯೆಂದೇ ಭಾವಿಸುವುದು ಕ್ಷೇಮ. ಅಂಥ ಗೋಡೆಯನ್ನು ಒಡೆಯುವ ಮುನ್ನ ತಾರಸಿಗೆ ಎರಡೂ ಬದಿಯಲ್ಲಿ ಆಸರೆ ಕೊಟ್ಟು, ಅದರ ಸ್ಥಾನದಲ್ಲಿ ಕಬ್ಬಿಣದ ಇಲ್ಲವೆ ಕಾಂಕ್ರೀಟಿನ ತೊಲೆ ಕೂರಿಸಬೇಕು. ಈ ಒಂದು ವಿಷಯದಲ್ಲಿ ಮೇಸ್ತ್ರಿಯ ಅನುಭವವನ್ನೇ ನಂಬುವುದು ತರವಲ್ಲ. ಸಿವಿಲ್ ಇಂಜಿನಿಯರರನ್ನು ಕರೆಯಿಸಿ ತೊಲೆಯ ಅಳತೆ ಬರೆಸಿಕೊಳ್ಳಲು ತಗಲುವ ಶುಲ್ಕ ಒಟ್ಟು ವೆಚ್ಚದಲ್ಲಿ ಅಲ್ಪ ಭಾಗ. ಆ ಶುಲ್ಕದ ರಸೀತಿ ಮತ್ತು ಇಂಜಿನಿಯರರ ನಕ್ಷೆ ಮುಂದೆ ತೆರಿಗೆ ಲೆಕ್ಕಕ್ಕೂ ಉಪಯೋಗಕ್ಕೆ ಬರುತ್ತವೆ.

ಆಸರೆಗಳನ್ನು ಬೇಗ ತೆಗೆಯುವಂತೆ ಮನೆಯವರೇ ಅವಸರಪಡಿಸುವುದುಂಟು. ಭಾರತೀಯ ಮಾನಕ 456ರ ಪ್ರಕಾರ ಆರು ಮೀಟರಿನವರೆಗಿನ ಕಾಂಕ್ರೀಟು ತೊಲೆಯ ಆಸರೆಯನ್ನು ಕನಿಷ್ಠ 14 ದಿನ, ನಾಲ್ಕೂವರೆ ಮೀಟರಿನವರೆಗಿನ ತಾರಸಿಯ ಆಸರೆಯನ್ನು ಕನಿಷ್ಠ 7 ದಿನ ಇರಿಸಬೇಕು. ಇದು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹೇಳಿದ ಅವಧಿ. ಈಗ ಅಂಗಡಿಗಳಲ್ಲಿ ಹೆಚ್ಚಾಗಿ ದೊರೆಯುವ, ಹಾರುಬೂದಿ ಬೆರೆತ ಸಿಮೆಂಟಾದರೆ ಇನ್ನೂ ಕೆಲವು ದಿನ ಕಾಯುವುದು ಲೇಸು. ನೀರುಣಿಸುವ ಅವಧಿಯೂ ಅದಕ್ಕೆ ಏಳರ ಬದಲು ಹತ್ತು ದಿನ. ಹೀಗಾಗಿ ಹದಿನೈದು ದಿನದಲ್ಲಿ ಅಡುಗೆಮನೆ ಸಿದ್ಧವಾಗುವುದೆಂಬ ಭರವಸೆಗೆ ಆಧಾರವಿಲ್ಲ. ಕೆಲಸದ ಅವಧಿಯಲ್ಲಿ ಮನೆಯವರು ಹೊರಗೆ ಉಣ್ಣಬೇಕಾದ ಇಲ್ಲವೆ ಪಡಸಾಲೆಯಲ್ಲಿ ತಾತ್ಕಾಲಿಕ ಒಲೆ ಹೂಡಬೇಕಾದ ಖರ್ಚನ್ನೂ ಅಂದಾಜಿಗೆ ಸೇರಿಸುವುದು ಯುಕ್ತ.

ಸಾಮಗ್ರಿಯ ಪ್ರಮಾಣವನ್ನು ಅಳತೆಯಿಂದ ಕಂಡುಕೊಳ್ಳಬೇಕು, ಅಂಗಡಿಯವರ ಅಂದಾಜಿನಿಂದಲ್ಲ. 104 ಚದರ ಅಡಿಯ ನೆಲಕ್ಕೆ ಕತ್ತರಿಸಿ ಹಾಳಾಗುವ ಶೇಕಡಾ 10 ಸೇರಿಸಿದರೆ 114 ಚದರ ಅಡಿ. ಎರಡಡಿ ಚೌಕದ ಹಾಸುಬಿಲ್ಲೆಯಾದರೆ 29 ಬಿಲ್ಲೆ ಬೇಕು. ಪೆಟ್ಟಿಗೆಗೆ ನಾಲ್ಕರಂತೆ ಎಂಟು ಪೆಟ್ಟಿಗೆ. ಎಂಟೂ ಪೆಟ್ಟಿಗೆಯ ಮೇಲೆ ಒಂದೇ ತಯಾರಿಕಾ ತಂಡದ ಸಂಖ್ಯೆಯಿದೆಯೇ ಎಂದು ನೋಡಿಕೊಳ್ಳದಿದ್ದರೆ ಬಣ್ಣದಲ್ಲಿ ವ್ಯತ್ಯಾಸ ಬರುತ್ತದೆ. ಒಂದು ಬದಿ 8 ಅಡಿ, ಇನ್ನೊಂದು ಬದಿ 10 ಅಡಿ ಇರುವ ಎರಡಡಿ ಅಗಲದ ಮೂಲೆಗಟ್ಟೆಗೆ ಮೂಲೆಯನ್ನು ಎರಡು ಬಾರಿ ಎಣಿಸದೆ ಲೆಕ್ಕ ಹಾಕಿದರೆ 32 ಚದರ ಅಡಿ ಗ್ರಾನೈಟು. ಮೂಲೆಯನ್ನು ಎರಡು ಸಲ ಎಣಿಸಿ 36 ಚದರ ಅಡಿಗೆ ಬಿಲ್ಲು ಮಾಡುವ ಪದ್ಧತಿ ಕಂಡುಬರುತ್ತದೆ. ಇಳಕಲ್ಲಿನ ಕೆಂಪು ಕಲ್ಲಾಗಲಿ ಕರಿಯ ಕಲ್ಲಾಗಲಿ, ಹಲಗೆಯನ್ನು ಇಡಿಯಾಗಿ ಕೊಳ್ಳಬೇಕಾದಾಗ ಉಳಿದ ತುಂಡಿಗೂ ಹಣ ಕೊಟ್ಟಿರುತ್ತೇವೆಂಬುದನ್ನು ಮರೆಯದೆ ಅದನ್ನು ಕಿಟಕಿಯ ಹಾಸಿಗೋ ಸಜ್ಜೆಗೋ ಬಳಸಿಕೊಳ್ಳಬೇಕು. ಕಟ್ಟೆಯ ಎತ್ತರವನ್ನು ಮಾತ್ರ ಯಾವ ಪುಸ್ತಕವನ್ನೂ ನೋಡದೆ ಅಲ್ಲಿ ದಿನವೂ ನಿಲ್ಲುವವರ ಎತ್ತರಕ್ಕೆ ಹೊಂದಿಸುವುದು ಸರಿ. 32ರಿಂದ 34 ಇಂಚು ಸಾಮಾನ್ಯ. ಈ ಮಾತನ್ನು ಮನೆಯ ಯಜಮಾನರು ಮೇಸ್ತ್ರಿಯೊಡನೆ ತೀರ್ಮಾನಿಸಿ, ಅಡುಗೆ ಮಾಡುವವರನ್ನು ಕೇಳದೆಯೇ ಕಲ್ಲು ಕೂರಿಸಿರುವ ಮನೆಗಳು ಕಡಿಮೆಯಿಲ್ಲ.

ಕೂಲಿಯ ವಿಷಯದಲ್ಲಿ ಒಂದೇ ಬಗೆಯ ಒಪ್ಪಂದ ಎಲ್ಲ ಕೆಲಸಕ್ಕೂ ಹೊಂದುವುದಿಲ್ಲ. ಗೋಡೆ ಒಡೆಯುವುದು, ಹಳೆಯ ಕೊಳವೆ ಕೀಳುವುದು ಮುಂತಾದವುಗಳಲ್ಲಿ ಒಳಗೇನಿದೆಯೆಂದು ಮೊದಲೇ ತಿಳಿಯದು. ಅವುಗಳಿಗೆ ದಿನಗೂಲಿಯೇ ಸೂಕ್ತ, ಮನೆಯವರು ಎದುರಿಗಿದ್ದರೆ. ಬಿಲ್ಲೆ ಹಾಕುವುದು, ಗಿಲಾವು, ಬಣ್ಣ ಇವನ್ನು ಚದರ ಅಡಿಗೆ ಇಷ್ಟೆಂದು ಗೊತ್ತುಮಾಡುವುದು ಲಾಭಕರ. ಗುತ್ತಿಗೆಯ ಮೊತ್ತವನ್ನು ಹಂತಹಂತವಾಗಿ ಕೊಟ್ಟು, ಹತ್ತನೆಯ ಒಂದು ಪಾಲನ್ನು ಕೆಲಸ ಮುಗಿದು ನೀರು ಸೋರುವುದಿಲ್ಲವೆಂದು ಖಚಿತವಾಗುವ ತನಕ ತಡೆಹಿಡಿಯಬೇಕು. ಮಾಲು ಕೊಳ್ಳುವಾಗ ಇದೇ ವರ್ತಕರು ಅನುಸರಿಸುವ ಕ್ರಮವೇ ಇದು.

ಹಣ ಎಲ್ಲಿಂದ

ವರ್ತಕರ ಕೈಗೆ ಸುಲಭವಾಗಿ ಸಿಗುವ ಹಣವೆಂದರೆ ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಖಾತೆಯದು. ಆ ಖಾತೆಯಿಂದ ಅಡುಗೆಮನೆಗೆ ಹಣ ತೆಗೆಯುವುದು ಎರಡು ಕಾರಣಗಳಿಂದ ಅಪಾಯಕರ. ದಾಸ್ತಾನು ಮತ್ತು ಬರತಕ್ಕ ಬಾಕಿಯ ಆಧಾರದ ಮೇಲೆ ಬ್ಯಾಂಕು ಹಣ ತೆಗೆಯುವ ಮಿತಿಯನ್ನು ಗೊತ್ತುಪಡಿಸುತ್ತದೆ. ತೆಗೆದ ಹಣ ಮಾಲಾಗಿ ನಿಂತರೆ ಮೂರು ತಿಂಗಳಲ್ಲಿ ಮರಳಿ ಹಣವಾಗುತ್ತದೆ; ಗ್ರಾನೈಟು ಕಟ್ಟೆಯಾಗಿ ನಿಂತರೆ ಆಗುವುದಿಲ್ಲ. ಹಂಗಾಮಿನಲ್ಲಿ ಮಾಲು ತುಂಬಬೇಕಾದ ಹೊತ್ತಿಗೆ ಮಿತಿ ತೀರಿಹೋಗಿರುತ್ತದೆ. ಎರಡನೆಯದಾಗಿ, ಸಾಲದ ಹಣ ಸ್ವಂತ ಉಪಯೋಗಕ್ಕೆ ಹೋಗಿದೆಯೆಂದು ಕಂಡುಬಂದರೆ ಆ ಮೊತ್ತಕ್ಕೆ ತಗುಲುವ ಬಡ್ಡಿಯನ್ನು ವ್ಯಾಪಾರದ ಖರ್ಚೆಂದು ಆದಾಯ ತೆರಿಗೆಯವರು ಒಪ್ಪುವುದಿಲ್ಲ.

ಮನೆಯ ದುರಸ್ತಿ ಮತ್ತು ನವೀಕರಣಕ್ಕೆಂದೇ ಬ್ಯಾಂಕುಗಳು ಸಾಲ ಕೊಡುತ್ತವೆ. ಅದರ ಬಡ್ಡಿಯ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಗೃಹಸಾಲದ ಬಡ್ಡಿಗೆ ಎರಡು ಲಕ್ಷ ರೂಪಾಯಿ ವಿನಾಯಿತಿಯಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಮಿತಿ ಸ್ವಂತ ವಾಸದ ಮನೆಯನ್ನು ಕೊಳ್ಳಲು ಇಲ್ಲವೆ ಕಟ್ಟಲು ಪಡೆದ ಸಾಲಕ್ಕೆ ಸಂಬಂಧಿಸಿದ್ದು. ದುರಸ್ತಿ, ನವೀಕರಣಗಳ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿ ಮಾತ್ರ, ಅದೂ ಎರಡು ಲಕ್ಷದ ಒಳಗೇ ಸೇರಿ. ಇದಕ್ಕಿಂತ ಮುಖ್ಯವಾದದ್ದೆಂದರೆ, ಈ ಎರಡೂ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ ಲಭ್ಯ. 2023-24ನೇ ಆರ್ಥಿಕ ವರ್ಷದಿಂದ ಹೊಸ ಪದ್ಧತಿಯೇ ಸಹಜ ಪದ್ಧತಿಯಾಗಿದ್ದು, ಅದರಲ್ಲಿ ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ಯಾವ ವಿನಾಯಿತಿಯೂ ಇಲ್ಲ. ತೆರಿಗೆ ಉಳಿಯುತ್ತದೆಂಬ ಎಣಿಕೆಯಿಂದ ಸಾಲ ಮಾಡುವವರು ತಾವು ಯಾವ ಪದ್ಧತಿಯಲ್ಲಿದ್ದೇವೆಂದು ಮೊದಲು ವಿಚಾರಿಸಿಕೊಳ್ಳಬೇಕು.

ಸ್ವಂತ ಉಳಿತಾಯದಿಂದ ಖರ್ಚು ಮಾಡುವವರಿಗೂ ಒಂದು ಪ್ರಶ್ನೆ ಎದುರಾಗಬಹುದು. ಸಣ್ಣ ವರ್ತಕರೊಬ್ಬರು ವಾರ್ಷಿಕ 90 ಲಕ್ಷ ರೂಪಾಯಿ ವಹಿವಾಟು ತೋರಿಸಿ, ಹಣವೆಲ್ಲ ಬ್ಯಾಂಕಿನ ಮೂಲಕ ಬಂದುದರಿಂದ ಅಂದಾಜು ಆದಾಯದ ಪದ್ಧತಿಯಂತೆ ಶೇಕಡಾ 6ರ ದರದಲ್ಲಿ 5,40,000 ರೂಪಾಯಿ ಆದಾಯ ಘೋಷಿಸುತ್ತಾರೆಂದು ಭಾವಿಸಬಹುದು. ಸಂಸಾರದ ಖರ್ಚು 3,60,000. ಉಳಿದದ್ದು 1,80,000. ಅದೇ ವರ್ಷ 7 ಲಕ್ಷದ ಅಡುಗೆಮನೆ ಎದ್ದು ನಿಂತರೆ ಉಳಿದ 5,20,000 ರೂಪಾಯಿ ಎಲ್ಲಿಂದ ಬಂತೆಂದು ಕೇಳುವ ಅಧಿಕಾರ ಇಲಾಖೆಗಿದೆ. ಹಿಂದಿನ ವರ್ಷಗಳ ಉಳಿತಾಯ, ಪತ್ನಿಯ ಠೇವಣಿ, ತಂದೆಯವರು ಕೊಟ್ಟ ಹಣ ಯಾವುದೇ ಆಗಲಿ, ಬ್ಯಾಂಕಿನ ಲೆಕ್ಕದಲ್ಲಿ ಗುರುತು ಸಿಕ್ಕರೆ ಉತ್ತರ ಸುಲಭ. ಗುರುತಿಲ್ಲದಿದ್ದರೆ ಆ ಮೊತ್ತವನ್ನು ವಿವರಣೆಯಿಲ್ಲದ ವೆಚ್ಚವೆಂದು ಆದಾಯಕ್ಕೆ ಸೇರಿಸಿ ಸಾಮಾನ್ಯ ದರದ ಬದಲು ವಿಶೇಷ ದರದಲ್ಲಿ, ಯಾವ ಕಡಿತಕ್ಕೂ ಅವಕಾಶವಿಲ್ಲದೆ ತೆರಿಗೆ ಹಾಕಲಾಗುತ್ತದೆ.

ಅಂಗಡಿಯ ಪುಸ್ತಕವೂ ಮನೆಯ ಗೋಡೆಯೂ

ಬಿಲ್ಲೆಯ ಅಂಗಡಿಯಲ್ಲಿ ಮೊಬೈಲ್ ಸಂಖ್ಯೆ ಹೇಳಿದೊಡನೆ ಗಣಕಯಂತ್ರದಲ್ಲಿ ವರ್ತಕರ ಸಂಸ್ಥೆಯ ಹೆಸರು ಮತ್ತು ಜಿ.ಎಸ್.ಟಿ. ನೋಂದಣಿ ಸಂಖ್ಯೆ ಮೂಡುತ್ತದೆ. ಬಿಲ್ಲು ಸಂಸ್ಥೆಯ ಹೆಸರಿಗೇ ಆಗುತ್ತದೆ. ತಿಂಗಳ ಕೊನೆಗೆ ಆ ಬಿಲ್ಲು ಜಿ.ಎಸ್.ಟಿ.ಆರ್.-2ಬಿ ತಃಖ್ತೆಯಲ್ಲಿ ತಾನಾಗಿ ಕಾಣಿಸಿಕೊಳ್ಳುತ್ತದೆ. ಲೆಕ್ಕ ಬರೆಯುವ ಗುಮಾಸ್ತರಿಗೆ ಅದು ಮನೆಯ ಬಿಲ್ಲೆಂದು ಗೊತ್ತಾಗುವ ಬಗೆಯಿಲ್ಲ. ಖರೀದಿಯೆಂದು ಜಮೆ ಪಡೆದುಬಿಡುತ್ತಾರೆ. ಸ್ವಂತ ಬಳಕೆಯ ಸರಕಿನ ಮೇಲಿನ ತೆರಿಗೆ ಜಮೆಯನ್ನು ಜಿ.ಎಸ್.ಟಿ. ಕಾಯಿದೆಯ 17(5)ನೇ ವಿಧಿ ಸ್ಪಷ್ಟವಾಗಿ ತಡೆದಿದೆ. ತಪ್ಪಾಗಿ ಪಡೆದು ಬಳಸಿಕೊಂಡ ಜಮೆಗೆ ವಾರ್ಷಿಕ ಶೇಕಡಾ 18ರಂತೆ ಬಡ್ಡಿ ತೆರಬೇಕಾಗುತ್ತದೆ. ಬಿಲ್ಲನ್ನು ವೈಯಕ್ತಿಕ ಹೆಸರಿನಲ್ಲಿ, ಮನೆಯ ವಿಳಾಸಕ್ಕೆ, ನೋಂದಣಿ ಸಂಖ್ಯೆಯಿಲ್ಲದೆ ಮಾಡಿಸುವುದೇ ಸರಳ ಮಾರ್ಗ. ಈಗಾಗಲೇ ಸಂಸ್ಥೆಯ ಹೆಸರಿಗೆ ಬಂದಿದ್ದರೆ 3ಬಿ ತಃಖ್ತೆಯ 4(ಬಿ)(1)ರಲ್ಲಿ ಹಿಂದಿರುಗಿಸಿ ತೋರಿಸಬೇಕು. ಸಿಮೆಂಟಿನ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಇಳಿದ ಹತ್ತು ರೂಪಾಯಿಗಿಂತ ತಡೆದ ಜಮೆಯ ಆಸೆ ದುಬಾರಿಯಾಗಬಾರದು.

ಸಿಮೆಂಟು, ಬಿಲ್ಲೆ, ನಲ್ಲಿ, ತಂತಿ ಮಾರುವ ವರ್ತಕರೇ ತಮ್ಮ ದಾಸ್ತಾನಿನಿಂದ ಮನೆಗೆ ಸಾಮಾನು ಒಯ್ಯುವುದು ಸಹಜ. ಅದನ್ನು ಯಾವ ಬೆಲೆಗೆ ಬರೆಯಬೇಕು? ಮಾರಾಟದ ಬೆಲೆಗೆ ಬರೆದು ತಮಗೆ ತಾವೇ ಲಾಭ ತೋರಿಸಬೇಕಿಲ್ಲ. ಸರ್ ಕಿಕಾಭಾಯಿ ಪ್ರೇಮಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1953ರಲ್ಲೇ ಈ ತತ್ವವನ್ನು ನಿರ್ಣಯಿಸಿದೆ. ಬೆಳ್ಳಿ ಮತ್ತು ಷೇರುಗಳ ವ್ಯಾಪಾರಿಯೊಬ್ಬರು ದಾಸ್ತಾನಿನ ಒಂದು ಭಾಗವನ್ನು ವ್ಯಾಪಾರದಿಂದ ಹೊರತೆಗೆದು ಟ್ರಸ್ಟಿಗೆ ಒಪ್ಪಿಸಿದಾಗ, ಪೇಟೆಯ ಬೆಲೆಯ ಮೇಲೆ ಲಾಭ ಎಣಿಸಬೇಕೆಂಬ ಇಲಾಖೆಯ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಆದ್ದರಿಂದ ಕೊಂಡ ಬೆಲೆಗೇ ಖರೀದಿಯಲ್ಲಿ ಕಡಿಮೆ ಮಾಡಿ ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಹಾಕಿದರೆ ಆದಾಯ ತೆರಿಗೆಯ ದೃಷ್ಟಿಯಿಂದ ಸಾಕು. ಜಿ.ಎಸ್.ಟಿ. ಮಾತ್ರ ಬೇರೆಯೇ ವಿಷಯ. ಆ ಸರಕಿನ ಮೇಲೆ ಪಡೆದ ಜಮೆಯನ್ನು ಹಿಂದಿರುಗಿಸಬೇಕು.

ಪಾಲುದಾರಿಕೆ ಸಂಸ್ಥೆಯಾದರೆ ಖರ್ಚು ಆಯಾ ಪಾಲುದಾರರ ಬಂಡವಾಳ ಖಾತೆಗೆ ಹೋಗಬೇಕು. ಇದನ್ನು ವರ್ಷದ ಕೊನೆಗೆಂದು ಬಿಟ್ಟರೆ ಪಾಲುದಾರರ ನಡುವೆ ಮನಸ್ತಾಪಕ್ಕೆ ದಾರಿಯಾಗುತ್ತದೆ. ಪ್ರೈವೇಟ್ ಲಿಮಿಟೆಡ್ ಕಂಪನಿಯ ವಿಷಯ ಇನ್ನೂ ಗಂಭೀರ. ಶೇಕಡಾ 10 ಅಥವಾ ಹೆಚ್ಚು ಮತಾಧಿಕಾರವುಳ್ಳ ಷೇರುದಾರರ ಮನೆಗೆಲಸಕ್ಕೆ ಕಂಪನಿ ಹಣ ಕೊಟ್ಟರೆ, ಕೂಡಿಟ್ಟ ಲಾಭದ ಮಟ್ಟಿಗೆ ಅದನ್ನು ಲಾಭಾಂಶವೆಂದೇ ಪರಿಗಣಿಸಿ ಆ ಷೇರುದಾರರಿಂದ ತೆರಿಗೆ ಪಡೆಯಲು ಕಾಯಿದೆಯಲ್ಲಿ ಅವಕಾಶವಿದೆ. ನಂತರ ಹಣ ಮರಳಿಸಿದರೂ ಆ ಹೊಣೆ ತಪ್ಪುವ ಭರವಸೆಯಿಲ್ಲ. ಕಾರ್ಖಾನೆಯ ಕೆಲಸಗಾರರನ್ನು ವಾರಗಟ್ಟಲೆ ಮನೆಗೆ ಕಳುಹಿಸಿ ಸಂಬಳವನ್ನು ಕಾರ್ಖಾನೆಯ ಲೆಕ್ಕದಲ್ಲೇ ಬರೆಯುವ ಪದ್ಧತಿಯೂ ಇದೆ. ಅದು ವ್ಯಾಪಾರದ ಖರ್ಚಲ್ಲ. ಅಲ್ಲದೆ ಗೋಡೆ ಒಡೆಯುವಾಗ ಆ ಕೆಲಸಗಾರನಿಗೆ ಪೆಟ್ಟಾದರೆ ಹೊಣೆ ಯಾರದೆಂಬ ಪ್ರಶ್ನೆಗೆ ಕಾರ್ಖಾನೆಯ ವಿಮೆಯವರು ಸುಲಭವಾಗಿ ಉತ್ತರ ಕೊಡಲಾರರು.

ಮನೆಯ ಕೆಲಸಕ್ಕೆ ಗುತ್ತಿಗೆದಾರರಿಗೆ ಹಣ ಕೊಡುವಾಗ ಮೂಲದಲ್ಲಿ ತೆರಿಗೆ ಕಡಿತ ಮಾಡಬೇಕೇ ಎಂದು ಅನೇಕರು ಕೇಳುತ್ತಾರೆ. ವೈಯಕ್ತಿಕ ಕೆಲಸಕ್ಕೆ, ಒಬ್ಬರಿಗೆ ವರ್ಷದಲ್ಲಿ ಕೊಡುವ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಬೇಕಿಲ್ಲ. ಆದರೆ ಕಪಾಟು ಜೋಡಿಸುವವರು ಎರಡು ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ಒಂದೇ ವ್ಯವಹಾರಕ್ಕೆ ನಗದಾಗಿ ಪಡೆಯುವಂತಿಲ್ಲ. ದಂಡ ಬೀಳುವುದು ಪಡೆದವರಿಗಾದರೂ ವಿಚಾರಣೆಯಲ್ಲಿ ಕೊಟ್ಟವರ ಹೆಸರೂ ಬರುತ್ತದೆ.

ಬಿಲ್ಲಿನ ಬೆಲೆ

ಮನೆಯನ್ನು ಮಾರುವ ದಿನ ಬಂದಾಗ ಅಡುಗೆಮನೆಯ ಬಿಲ್ಲು ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಲೆಕ್ಕದಿಂದಲೇ ಕಾಣಬಹುದು. ಮನೆಗೆ ಮಾಡಿದ ಶಾಶ್ವತ ಸ್ವರೂಪದ ಸೇರ್ಪಡೆ, ಬದಲಾವಣೆಗಳ ವೆಚ್ಚವನ್ನು ಸುಧಾರಣಾ ವೆಚ್ಚವೆಂದು ಬಂಡವಾಳ ಲಾಭದಿಂದ ಕಳೆಯಬಹುದು. 2001ರ ಏಪ್ರಿಲ್ 1ಕ್ಕಿಂತ ಮೊದಲು ಮಾಡಿದ್ದು ಲೆಕ್ಕಕ್ಕಿಲ್ಲ.

ಒಬ್ಬರು 2005-06ರಲ್ಲಿ 12 ಲಕ್ಷ ರೂಪಾಯಿಗೆ ಮನೆ ಕೊಂಡು, 2012-13ರಲ್ಲಿ 3 ಲಕ್ಷ ವೆಚ್ಚದಿಂದ ಅಡುಗೆಮನೆ ವಿಸ್ತರಿಸಿ, 2025-26ರಲ್ಲಿ 90 ಲಕ್ಷಕ್ಕೆ ಮಾರಿದರೆಂದು ತಿಳಿಯೋಣ. ಈ ವರ್ಷಗಳ ಬೆಲೆ ಸೂಚ್ಯಂಕಗಳು ಕ್ರಮವಾಗಿ 117, 200 ಮತ್ತು 376. 2024ರ ಜುಲೈ 23ಕ್ಕಿಂತ ಮೊದಲು ಕೊಂಡ ಮನೆಯಾದ್ದರಿಂದ, ಭಾರತದ ನಿವಾಸಿಯಾದ ವ್ಯಕ್ತಿಗೆ ಅಥವಾ ಹಿಂದೂ ಅವಿಭಕ್ತ ಕುಟುಂಬಕ್ಕೆ ಎರಡು ವಿಧದ ಲೆಕ್ಕದಲ್ಲಿ ಯಾವುದು ಕಡಿಮೆಯೋ ಅಷ್ಟೇ ತೆರಿಗೆ: ಸೂಚ್ಯಂಕದೊಡನೆ ಶೇಕಡಾ 20, ಇಲ್ಲವೆ ಸೂಚ್ಯಂಕವಿಲ್ಲದೆ ಶೇಕಡಾ 12.5.

ಅಡುಗೆಮನೆಯ ಬಿಲ್ಲುಗಳಿಲ್ಲವೆಂದು ಇಟ್ಟುಕೊಂಡರೆ, ಸೂಚ್ಯಂಕದಂತೆ ಕೊಂಡ ಬೆಲೆ 38,56,410 ಆಗುತ್ತದೆ. ಲಾಭ 51,43,590, ತೆರಿಗೆ 10,28,718. ಸೂಚ್ಯಂಕವಿಲ್ಲದೆ ಲಾಭ 78 ಲಕ್ಷ, ತೆರಿಗೆ 9,75,000. ಕಡಿಮೆಯದಾದ 9,75,000 ರೂಪಾಯಿ ಕಟ್ಟಬೇಕು. ಬಿಲ್ಲುಗಳಿದ್ದರೆ 3 ಲಕ್ಷದ ಸುಧಾರಣಾ ವೆಚ್ಚ ಸೂಚ್ಯಂಕದಂತೆ 5,64,000 ಆಗಿ, ಲಾಭ 45,79,590ಕ್ಕೆ ಇಳಿಯುತ್ತದೆ, ತೆರಿಗೆ 9,15,918. ಸೂಚ್ಯಂಕವಿಲ್ಲದ ಲೆಕ್ಕದಲ್ಲಿ 75 ಲಕ್ಷಕ್ಕೆ 9,37,500. ಈಗ ಸೂಚ್ಯಂಕದ ದಾರಿಯೇ ಅಗ್ಗ. ಬಿಲ್ಲಿನ ಕಟ್ಟಿನಿಂದ ಉಳಿದದ್ದು 59,082 ರೂಪಾಯಿ, ಶೇಕಡಾ 4ರ ಉಪಕರ ಬೇರೆ. ಬಿಲ್ಲುಗಳು ತೆರಿಗೆಯ ಮೊತ್ತವನ್ನಷ್ಟೇ ಅಲ್ಲ, ಯಾವ ವಿಧಾನ ಲಾಭಕರವೆಂಬುದನ್ನೂ ಬದಲಿಸಿದವು. ಆ ದಿನಾಂಕದ ನಂತರ ಕೊಂಡ ಮನೆಗೆ ಸೂಚ್ಯಂಕದ ಅನುಕೂಲವಿಲ್ಲ. ಆದರೂ ಸುಧಾರಣಾ ವೆಚ್ಚದ ಮೂಲ ಮೊತ್ತ ಕಳೆಯಬಹುದಾದ್ದರಿಂದ ಪ್ರತಿ ಲಕ್ಷಕ್ಕೆ 12,500 ರೂಪಾಯಿ ಉಳಿಯುತ್ತದೆ. 1961ರ ಆದಾಯ ತೆರಿಗೆ ಕಾಯಿದೆಯ ಸ್ಥಾನದಲ್ಲಿ 2025ರ ಕಾಯಿದೆ 2026ರ ಏಪ್ರಿಲ್ 1ರಿಂದ ಬಂದು ವಿಧಿಗಳ ಸಂಖ್ಯೆ ಬದಲಾಗಿದ್ದರೂ ಸುಧಾರಣಾ ವೆಚ್ಚವನ್ನು ಕಳೆಯುವ ತತ್ವ ಹಾಗೆಯೇ ಉಳಿದಿದೆ.

ಯಾವುದು ಸುಧಾರಣೆ, ಯಾವುದಲ್ಲ ಎಂಬಲ್ಲಿ ವಿವೇಚನೆ ಬೇಕು. ಗೋಡೆ ತೆಗೆದು ಹಾಕಿದ ತೊಲೆ, ಹೊಸ ಕಟ್ಟೆ, ನೆಲ, ಕೊಳವೆ, ಗೋಡೆಯೊಳಗಿನ ತಂತಿ ಇವುಗಳಲ್ಲಿ ಸಂದೇಹವಿಲ್ಲ. ಬಣ್ಣ ಬಳಿಸುವುದು, ಸೋರುವ ನಲ್ಲಿ ಬದಲಿಸುವುದು ದುರಸ್ತಿ. ಫ್ರಿಜ್ಜು, ಒಲೆ, ಮಿಕ್ಸರು ಮನೆಯ ಭಾಗವೇ ಅಲ್ಲ. ಗೋಡೆಗೆ ಜೋಡಿಸಿದ ಕಪಾಟುಗಳ ಬಗ್ಗೆ ಅಧಿಕಾರಿಗಳು ಪ್ರಶ್ನಿಸುವುದುಂಟು. ಅವುಗಳಿಗೆ ಪ್ರತ್ಯೇಕ ಬಿಲ್ಲು ಮಾಡಿಸಿಕೊಂಡರೆ ಆ ಒಂದು ಬಾಬಿನ ವಾದದಲ್ಲಿ ಉಳಿದದ್ದೆಲ್ಲ ಸಿಕ್ಕಿಬೀಳುವುದಿಲ್ಲ. ಸಾಲದ ಬಡ್ಡಿಯನ್ನು ಒಮ್ಮೆ ಆದಾಯದಲ್ಲಿ ಕಳೆದಿದ್ದರೆ ಅದನ್ನೇ ಮತ್ತೆ ಸುಧಾರಣಾ ವೆಚ್ಚಕ್ಕೆ ಸೇರಿಸುವ ಅವಕಾಶವನ್ನು 2023ರ ಹಣಕಾಸು ಕಾಯಿದೆ ಮುಚ್ಚಿದೆ.

ಮರಳು, ಜಲ್ಲಿ, ದಿನಗೂಲಿಗಳಿಗೆ ಮುದ್ರಿತ ಬಿಲ್ಲು ಸಿಗದು. ಅಂಥವಕ್ಕೆ ವೋಚರು ಬರೆದು, ಪಡೆದವರ ಹೆಸರು, ಊರು, ಕೆಲಸದ ವಿವರ, ದಿನಾಂಕ ನಮೂದಿಸಿ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬೇಕು. 5,000 ರೂಪಾಯಿ ಮೀರಿದ ರಸೀತಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು. ಹಣವನ್ನು ಚೆಕ್ಕು ಇಲ್ಲವೆ ಯು.ಪಿ.ಐ. ಮೂಲಕ ಕೊಟ್ಟರೆ ವೋಚರಿಗೆ ಬಲ ಬರುತ್ತದೆ. ಕೆಲಸಕ್ಕೆ ಮೊದಲು ಮತ್ತು ನಂತರದ ಛಾಯಾಚಿತ್ರಗಳು, ಇಂಜಿನಿಯರರ ಪ್ರಮಾಣಪತ್ರ ಇವುಗಳನ್ನು ಜೊತೆಗಿಡಬೇಕು. ಅಂಗಡಿಗಳಲ್ಲಿ ಕೊಡುವ ಶಾಖಮುದ್ರಣದ ಬಿಲ್ಲು ಎರಡು ಮೂರು ವರ್ಷಗಳಲ್ಲಿ ಬಿಳಿ ಕಾಗದವಾಗಿಬಿಡುತ್ತದೆ. ಕೂಡಲೇ ಜೆರಾಕ್ಸ್ ತೆಗೆಸಬೇಕು. ಈ ಕಟ್ಟನ್ನು ವ್ಯಾಪಾರದ ಹಳೆಯ ಕಡತಗಳೊಡನೆ ಇಟ್ಟರೆ ಏಳೆಂಟು ವರ್ಷಕ್ಕೆ ರದ್ದಿಗೆ ಹೋಗುತ್ತದೆ. ಅದರ ಸ್ಥಾನ ಮನೆಯ ಖರೀದಿಪತ್ರದ ಜೊತೆಗೆ.

ಮನೆ ಯಾರ ಹೆಸರಿನಲ್ಲಿದೆ

ವರ್ತಕ ಕುಟುಂಬಗಳಲ್ಲಿ ಹೆಚ್ಚು ನಷ್ಟವಾಗುವುದು ಇಲ್ಲಿ. ಮನೆ ತಂದೆಯ ಹೆಸರಿನಲ್ಲಿದೆ, ಅಡುಗೆಮನೆ ಮಾಡಿಸುವವನು ವ್ಯಾಪಾರ ನಡೆಸುವ ಮಗ. ಬಿಲ್ಲುಗಳೆಲ್ಲ ಮಗನ ಹೆಸರಿನಲ್ಲಿ, ಹಣ ಮಗನ ಖಾತೆಯಿಂದ. ತಂದೆಯೇ ಮನೆ ಮಾರಿದರೆ ಆ ವೆಚ್ಚ ತಂದೆಯದಲ್ಲವೆಂಬ ಆಕ್ಷೇಪ ಬರುತ್ತದೆ. ತಂದೆಯ ನಂತರ ಮಗನಿಗೆ ಮನೆ ಬಂದು ಅವನು ಮಾರಿದರೂ ಪ್ರಶ್ನೆ ಬಗೆಹರಿಯದು. ಕಾಯಿದೆಯ ಮಾತಿನಂತೆ ಲೆಕ್ಕಕ್ಕೆ ಬರುವುದು ಹಿಂದಿನ ಮಾಲೀಕರು ಮಾಡಿದ ವೆಚ್ಚ, ಇಲ್ಲವೆ ಆಸ್ತಿ ತನ್ನದಾದ ಮೇಲೆ ತಾನು ಮಾಡಿದ ವೆಚ್ಚ. ಮಗ ಮಾಲೀಕನಾಗುವ ಮೊದಲೇ ಮಾಡಿದ ಖರ್ಚು ಎರಡಕ್ಕೂ ಸೇರದೆ ನಡುವೆ ಉಳಿಯುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮೊದಲೇ ತಂದೆಯದಾಗಿದ್ದ ಮನೆಗೆ ಕಾಯಿದೆಯ ಪದಗಳು ಕೊಂಚ ಉದಾರವಾಗಿವೆ, ಆದರೆ ಅದನ್ನು ನೆಚ್ಚಿ ಕೂರುವುದು ಜಾಣತನವಲ್ಲ. ಪರಿಹಾರ ಕಷ್ಟದ್ದೇನಲ್ಲ. ಮಗ ತಂದೆಯವರಿಗೆ ಚೆಕ್ಕಿನ ಮೂಲಕ ಹಣವನ್ನು ದಾನವಾಗಿ ಕೊಟ್ಟು, ತಂದೆಯವರ ಖಾತೆಯಿಂದ, ತಂದೆಯವರ ಹೆಸರಿನ ಬಿಲ್ಲುಗಳಿಗೆ ಪಾವತಿಯಾಗುವಂತೆ ನೋಡಿಕೊಳ್ಳಬೇಕು. ಮಗ ಕೊಟ್ಟ ದಾನಕ್ಕೆ ತಂದೆ ತೆರಿಗೆ ಕಟ್ಟಬೇಕಿಲ್ಲ. ಮನೆ ಪತ್ನಿಯ ಹೆಸರಿನಲ್ಲಿದ್ದರೂ ಇದೇ ಕ್ರಮ. ಆದರೆ ಆ ಮನೆಯಿಂದ ಮುಂದೆ ಬರುವ ಆದಾಯದ ಒಂದು ಭಾಗ ಪತಿಯ ಆದಾಯಕ್ಕೆ ಸೇರಬಹುದು.

ಅಣ್ಣತಮ್ಮಂದಿರ ಜಂಟಿ ಮನೆಯಲ್ಲಿ ಒಬ್ಬರೇ ಖರ್ಚು ಹಾಕಿದಾಗ ತೆರಿಗೆಗಿಂತ ಮೊದಲು ಪಾಲಿನ ಪ್ರಶ್ನೆ ಏಳುತ್ತದೆ. ಹಿರಿಯಣ್ಣ ಆರು ಲಕ್ಷ ಹಾಕಿ ಮಾಡಿಸಿದ ಅಡುಗೆಮನೆ ಹತ್ತು ವರ್ಷಗಳ ನಂತರ ವಿಭಾಗದಲ್ಲಿ ಕಿರಿಯವನ ಪಾಲಿಗೆ ಬಂದರೆ, ಆರು ಲಕ್ಷದ ಮಾತನ್ನು ಯಾರೂ ಒಪ್ಪುವುದಿಲ್ಲ. ಕೆಲಸ ಆರಂಭಿಸುವ ಮುನ್ನ ಒಂದು ಹಾಳೆಯಲ್ಲಿ ಯಾರ ಹಣ, ಎಷ್ಟು, ಮುಂದೆ ಹೇಗೆ ಹೊಂದಿಸುವುದು ಎಂದು ಬರೆದು ಎಲ್ಲರೂ ಸಹಿ ಮಾಡಿದರೆ ಸಾಕು. ಸಂಕೋಚದಿಂದ ಇದನ್ನು ಬರೆಯದೆ ಬಿಡುವವರೇ ಹೆಚ್ಚು.

ಮನೆಯಲ್ಲೇ ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿ ತಯಾರಿಸಿ ಮಾರುವವರು ಅಡುಗೆಮನೆ ವಿಸ್ತರಿಸುವಾಗ ಉದ್ಯಮದ ಭಾಗವನ್ನು ಗೋಡೆಯಿಂದಲೇ ಬೇರ್ಪಡಿಸುವುದು ಮೇಲು. ಯಂತ್ರಗಳ ಮೇಲಿನ ತೆರಿಗೆ ಜಮೆ ದೊರೆಯುತ್ತದೆ, ಗೋಡೆ ನೆಲಗಳದು ದೊರೆಯುವುದಿಲ್ಲ. ಕಟ್ಟಡದ ಆ ಭಾಗಕ್ಕೆ ಸವಕಳಿ ಪಡೆದರೆ ಮಾರಾಟದ ಕಾಲಕ್ಕೆ ಅಷ್ಟರ ಮಟ್ಟಿಗೆ ಲಾಭ ಅಲ್ಪಾವಧಿಯದೆಂದು ಎಣಿಕೆಯಾಗುತ್ತದೆ. ಆಹಾರ ಸುರಕ್ಷತಾ ನೋಂದಣಿ ಪ್ರತ್ಯೇಕ.

ಕೊನೆಯದಾಗಿ ಕಚೇರಿಯ ಕೆಲಸಗಳು. ಹೊರಗೋಡೆಯೊಳಗೇ ನಡುಗೋಡೆ ತೆಗೆಯುವುದು ಬೇರೆ. ಹಿತ್ತಲಿನ ಖುಲ್ಲಾ ಜಾಗಕ್ಕೆ ಅಡುಗೆಮನೆಯನ್ನು ಚಾಚುವುದು ಬೇರೆ. ಎರಡನೆಯದಕ್ಕೆ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು. ಬಿಡಬೇಕಾದ ಅಂತರವನ್ನು ಆಕ್ರಮಿಸಿ ಕಟ್ಟಿದ್ದನ್ನು ಬ್ಯಾಂಕಿನವರು ಅಡಮಾನದ ವೇಳೆ ಒಪ್ಪುವುದಿಲ್ಲ, ಕೊಳ್ಳುವವರು ಬೆಲೆ ಇಳಿಸಲು ಬಳಸಿಕೊಳ್ಳುತ್ತಾರೆ. ಹೆಚ್ಚಿದ ವಿಸ್ತೀರ್ಣವನ್ನು ಸ್ವಯಂ ಘೋಷಿತ ಆಸ್ತಿ ತೆರಿಗೆಯ ನಮೂನೆಯಲ್ಲಿ ಮುಂದಿನ ವರ್ಷವೇ ತೋರಿಸಬೇಕು. ಹಾಗೆ ಕಟ್ಟಿದ ರಸೀತಿ, ಆ ಭಾಗ ಯಾವ ವರ್ಷ ಸೇರಿತೆಂಬುದಕ್ಕೆ ಸರ್ಕಾರಿ ಸಾಕ್ಷ್ಯವೂ ಆಗುತ್ತದೆ. ಮನೆಯ ಬೆಂಕಿ ವಿಮೆಯಿದ್ದಲ್ಲಿ ಹೊಸ ವಿಸ್ತೀರ್ಣ ಮತ್ತು ಮೌಲ್ಯವನ್ನು ವಿಮಾ ಕಂಪನಿಗೆ ಬರೆದು ತಿಳಿಸಿ, ಪಾಲಿಸಿಗೆ ತಿದ್ದುಪಡಿ ಪತ್ರ ಪಡೆದು ಬಿಲ್ಲುಗಳ ಕಟ್ಟಿನೊಡನೆ ಇರಿಸಬೇಕು.